ಹೋಬರ್ಟನ ನಿಧಾನದ ಹಾಡು

ಓಲೀಟಾ ಸ್ಟ್ಯಾಂಪರ್ ರೇಡಿಯೋ ಮೈಕಿನ ಮುಂದೆ ಕೂತಳೆಂದರೆ ಲಿಕ್ ಫೋರ್ಕ್ ಕಣಿವೆಗೆ ಬೆಳಗಾಯಿತೆಂದೇ ಲೆಕ್ಕ. ಕೆಂಟಕಿಯ ಆ ಗುಡ್ಡಗಳ ನಡುವೆ ಯಾರ ಹಸು ಮಾರಾಟಕ್ಕಿದೆ, ಯಾವ ಚರ್ಚಿನಲ್ಲಿ ಊಟವಿದೆ, ಯಾರು ತೀರಿಕೊಂಡರು, ಎಲ್ಲ ಅವಳ ಬಾಯಿಂದಲೇ ಬರಬೇಕು. ನಡುನಡುವೆ ಪಿಟೀಲು, ಬ್ಯಾಂಜೊ, ಗುಡ್ಡದ ಜನರ ಹಾಡು. ತನ್ನನ್ನು ಬಿಟ್ಟರೆ ಈ ಕೆಲಸ ಇನ್ಯಾರಿಗೂ ಬರೋದಿಲ್ಲ ಅಂತ ಅವಳೇ ಹೇಳಿಕೊಳ್ಳುತ್ತಿದ್ದಳು. ಸುಳ್ಳೇನಲ್ಲ ಬಿಡಿ.

ಈಗ ಆ ಕೆಲಸಕ್ಕೇ ಕುತ್ತು ಬಂದಿತ್ತು. ಈ ರೇಡಿಯೋ ಸ್ಟೇಷನ್ ಕಟ್ಟಿದ ಹೋಬರ್ಟ್ ಫ್ಯುಗೇಟ್ ತೀರಿಕೊಂಡಿದ್ದ. ಮಕ್ಕಳಿಲ್ಲ. ಲೂಯಿವಿಲ್‌ನಿಂದ ಬಂದ ಅವನ ತಮ್ಮನ ಮಗ ವೆಂಡೆಲ್, ಸೋಮವಾರದಿಂದ ಎಲ್ಲ ಕಂಪ್ಯೂಟರೇ ನೋಡಿಕೊಳ್ಳುತ್ತದೆ ಅಂದುಬಿಟ್ಟ. ಹಾಡು ದೂರದ ಊರಿಂದ ಬರುತ್ತದಂತೆ, ಮಾತೂ ಅಲ್ಲಿಂದಲೇ ಅಂತೆ. ಓಲೀಟಾಗೆ ಮೈಯೆಲ್ಲ ಉರಿದುಹೋಯಿತು.

"ಅಲ್ಲಯ್ಯಾ, ಇಲ್ಲಿ ಯಾರು ಸತ್ತರು ಅಂತ ನಿನ್ನ ಕಂಪ್ಯೂಟರಿಗೇನು ಕನಸು ಬೀಳತ್ತಾ?"

"ಅದನ್ನೆಲ್ಲ ಜನ ಫೋನಲ್ಲೇ ನೋಡ್ಕೋತಾರೆ, ಓಲೀಟಮ್ಮಾ."

ಶನಿವಾರ ಹೋಬರ್ಟನ ಶವಯಾತ್ರೆ. ಓಲೀಟಾ ಸಾವಿನ ಸುದ್ದಿ ಓದಿ ಮುಗಿಸಿದಳು. ಇನ್ನು, ಸಾವಿನ ಸುದ್ದಿಯ ಹಿಂದೆ ಹೋಬರ್ಟ್ ಯಾವಾಗಲೂ ಹಾಕುತ್ತಿದ್ದ ಹಾಡು.

"ದೊಡ್ಡಪ್ಪನ ಹಾಡು ತಾನೇ? ಅದನ್ನ ನಾನೇ ಹಾಕ್ತೀನಿ" ಅಂದ ವೆಂಡೆಲ್.

"ಹಾಕಪ್ಪಾ, ಹಾಕು" ಅಂತ ಅವಳು ಕೈಕಟ್ಟಿ ಕೂತಳು.

ಕಂಪ್ಯೂಟರಿನಿಂದ ಹೆಣ್ಣು ದನಿಯೊಂದು ಚುರುಕಾಗಿ ಹಾಡತೊಡಗಿತು. ಫೋನ್ ಬಡಿದುಕೊಂಡಿತು. ಎತ್ತಿದವನು ವೆಂಡೆಲ್. ಅತ್ತ ಕಡೆ ಗುಡ್ಡದ ಮೇಲಿನ ಜೆಲ್ಮಾ ಅಜ್ಜಿ.

"ಯಾರೋ ಆ ಹುಡುಗಿ? ಹೋಬರ್ಟನ್ನ ಹೂಳೋಕೆ ಹೊರಟಿದೀರೋ, ಕುಣಿಸೋಕೆ ಹೊರಟಿದೀರೋ?"

ಇಟ್ಟರೆ ಇನ್ನೊಂದು ಕರೆ, ಮತ್ತೊಂದು ಕರೆ.

"ಹಾಡು ಸರಿಯಾಗೇ ಇದೆಯಲ್ಲ!" ವೆಂಡೆಲ್ ಕಂಗಾಲಾದ.

"ಸರಿಯಾಗಿದೆ, ಅದಕ್ಕೇ ಬೈತಿದಾರೆ. ಸ್ಟೇಷನ್ ಶುರುವಾದ ದಿನ ನಿಮ್ಮ ದೊಡ್ಡಪ್ಪ ಗಾಬರೀಲಿ ಈ ರೆಕಾರ್ಡನ್ನ ನಿಧಾನದ ವೇಗಕ್ಕೆ ಇಟ್ಟುಬಿಟ್ಟ. ಹಾಡಿದ್ದು ಹೆಂಗಸು, ಕಣಿವೆಗೆ ಕೇಳಿಸಿದ್ದು ಗಂಡಸು! ಅದೇ ವಾರ ಜೆಲ್ಮಾನ ಗಂಡ ಕಲ್ಲಿದ್ದಲ ಗಣೀಲಿ ಸತ್ತುಹೋಗಿದ್ದ. ಮಾರನೇ ದಿನ ಗುಡ್ಡ ಇಳಿದು ಬಂದಳು ನೋಡು, ಆ ಗಂಡಸಿನ ಹಾಡು ಇನ್ನೊಂದು ಸಲ ಹಾಕಿ ಅಂತ. ತಪ್ಪಾಯ್ತು ಅನ್ನೋಕೆ ಹೋಬರ್ಟನಿಗೆ ಬಾಯೇ ಬರಲಿಲ್ಲ. ಅವತ್ತಿಂದ ಯಾರೇ ಸತ್ತರೂ ಅದೇ ಹಾಡು, ಅದೇ ವೇಗ."

ಅವಳು ಎದ್ದು ಕಂಪ್ಯೂಟರಿನ ಬಾಯಿ ಮುಚ್ಚಿಸಿದಳು. ಸವೆದ ರೆಕಾರ್ಡನ್ನು ಎದೆಗೊರಸಿ ತಿರುಗಣೆಯ ಮೇಲಿಟ್ಟು, ವೇಗದ ಗುಂಡಿ ಇಳಿಸಿದಳು. ಮೆಲ್ಲಗೆ ಮುಳ್ಳು ಇಟ್ಟಳು. ಈ ಸಲ ಅದು ಹೋಬರ್ಟನಿಗೇ.

ಭಾರವಾದ ಆ ದನಿ ಎದ್ದಿತು. ಫೋನ್ ಸುಮ್ಮನಾಯಿತು.

ವೆಂಡೆಲ್ ಕಿಟಕಿಗೆ ಹೋದ. ಕೆಳಗೆ ಹೋಬರ್ಟನ ಶವದ ಕಾರು ನಿಧಾನಕ್ಕೆ ಸಾಗುತ್ತಿತ್ತು. ಎದುರು ಬಂದ ಗಾಡಿಗಳೆಲ್ಲ ಕಣಿವೆಯ ವಾಡಿಕೆಯಂತೆ ರಸ್ತೆಯ ಅಂಚಿಗೆ ಸರಿದು ನಿಂತಿದ್ದವು. ಎಲ್ಲದರ ಗಾಜೂ ಇಳಿದಿತ್ತು. ಎಲ್ಲದರಿಂದಲೂ ಅದೇ ದನಿ ಬರುತ್ತಿತ್ತು. ಗಣಿಯ ಲಾರಿಯ ಚಾಲಕನೊಬ್ಬ ಕೆಳಗಿಳಿದು, ಟೋಪಿ ತೆಗೆದು, ಅಳುತ್ತ ನಿಂತಿದ್ದ.

ಹಾಡು ಮುಗಿದರೂ ವೆಂಡೆಲ್ ತಿರುಗಲಿಲ್ಲ. ಅವನ ಕಣ್ಣೂ ಒದ್ದೆಯಾಗಿತ್ತು.

"ಓಲೀಟಮ್ಮಾ, ಸೋಮವಾರ ಎಷ್ಟು ಗಂಟೆಗೆ ಬರ್ತೀರಾ?"

"ಐದಕ್ಕೆ. ಯಾವತ್ತು ತಪ್ಪಿಸಿದೀನಿ? ಕಾಫಿ ಮಾತ್ರ ಇನ್ಮೇಲೆ ನೀನು ಮಾಡಬೇಕು. ಇಷ್ಟು ದಿನ ಅದು ಹೋಬರ್ಟನ ಕೆಲಸ."