ಬೀಗದೊಳಗಿನ ಹತ್ತು ಸೀಸೆ

ಬೆಳಗ್ಗೆ ತಾನೇ ನೋಡಿಕೊಳ್ಳುವ ಆಸ್ಪತ್ರೆಯ ಲ್ಯಾಬಿಗೆ ಬಂದು ತಟ್ಟೆಯ ಮುಚ್ಚಳ ತೆಗೆದದ್ದೇ ತಡ, ಅವಳಿಗೆ ಪಿತ್ತ ನೆತ್ತಿಗೇರಿತು. ಏಳನೇ ಮಂಚದ ರೋಗಿಯ ಕಫದಿಂದ ಬೆಳೆಸಿದ ರೋಗಾಣು ತಟ್ಟೆಯ ತುಂಬ ಹಬ್ಬಿತ್ತು. ನಿನ್ನೆ ಅವಳೇ ಅದರ ಮೇಲೆ ಹನ್ನೆರಡು ಪುಟ್ಟ ಕಾಗದದ ಬಿಲ್ಲೆ ಇಟ್ಟಿದ್ದಳು, ಒಂದೊಂದರಲ್ಲಿ ಒಂದೊಂದು ಆ್ಯಂಟಿಬಯಾಟಿಕ್. ಔಷಧ ನಾಟಿದರೆ ಬಿಲ್ಲೆಯ ಸುತ್ತ ರೋಗಾಣು ಸತ್ತು ಬಯಲಾಗಬೇಕು. ಹನ್ನೊಂದು ಬಿಲ್ಲೆಗಳ ಸುತ್ತ ಬಯಲೂ ಇಲ್ಲ, ಮಣ್ಣೂ ಇಲ್ಲ. ಬಿಲ್ಲೆಗೇ ಒರಗಿಕೊಂಡು ಕೊಬ್ಬಿ ಕೂತಿತ್ತು ಹಾಳಾದ್ದು.

ಏಳನೇ ಮಂಚದಲ್ಲಿ ಇದ್ದವಳು ಅವಳ ಒಡಹುಟ್ಟಿದ ಅಕ್ಕ.

ಹನ್ನೆರಡನೆಯ ಬಿಲ್ಲೆಯ ಸುತ್ತ ಮಾತ್ರ ಬೆರಳಗಲ ಜಾಗ ತೊಳೆದಿಟ್ಟ ಹಾಗಿತ್ತು. ಎರಡು ವರ್ಷದ ಹಿಂದೆ ಬಂದ ಹೊಸ ಔಷಧ ಅದು. ಅವಳು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಔಷಧಾಲಯಕ್ಕೆ ಓಡಿದಳು.

ಔಷಧಾಲಯದ ಹಿರಿಯರು ಕಪಾಟಿನ ಬೀಗ ತೆಗೆದು, ಸೀಸೆಗಳನ್ನು ಎರಡು ಸಲ ಎಣಿಸಿದರು. "ಹತ್ತಿದೆಯಮ್ಮಾ."

"ಹತ್ತಾ? ದಿನಕ್ಕೆ ಮೂರು, ಹದಿನಾಲ್ಕು ದಿನ. ನಲವತ್ತೆರಡು ಬೇಕು. ಉಳಿದಿದ್ದು ತರಿಸಿ."

"ಎಲ್ಲಿಂದ ತರಿಸ್ಲಿ? ಕಂಪನಿಯವರು ಇದನ್ನ ಮಾಡೋದೇ ನಿಲ್ಲಿಸಿಬಿಟ್ರು. ಬೇರೆ ಆಸ್ಪತ್ರೆಗಳಿಗೂ ಮೊನ್ನೆಯೇ ಕೇಳಿ ಆಯ್ತು. ಅವರಲ್ಲಿದ್ದದ್ದೂ ಮುಗಿದಿದೆ."

ಅವಳಿಗೆ ನಂಬಿಕೆ ಬರಲಿಲ್ಲ. ಹಿಂದೆ ಆ ಔಷಧದ ಜಾಹೀರಾತು ಹಿಡಿದು ತನ್ನ ಬಾಗಿಲು ಕಾಯುತ್ತಿದ್ದ ಕಂಪನಿ ಪ್ರತಿನಿಧಿಗೆ ಅಲ್ಲೇ ನಿಂತು ಫೋನ್ ಹಚ್ಚಿದಳು.

"ಔಷಧ ಚಿನ್ನದಂಥದು ಮೇಡಂ," ಎಂದ ಅವನು. "ಆದ್ರೆ ಮಾರಾಟ ಆಗ್ಬೇಕಲ್ಲ. ಎಲ್ಲಾ ಆಸ್ಪತ್ರೆಯವರೂ ಒಂದೊಂದು ಡಬ್ಬ ತಗೊಂಡು ಬೀಗ ಹಾಕಿಟ್ರು. ನಿಮ್ಮಲ್ಲಿ ಬೀಗ ಹಾಕ್ಸಿದ್ದು ನೀವೇ ತಾನೆ? ನಾನೀಗ ಕೂದಲು ಉದುರೋದಕ್ಕೆ ಎಣ್ಣೆ ಮಾರ್ತಿದೀನಿ. ಅದು ಭರ್ಜರಿಯಾಗಿ ಹೋಗ್ತಿದೆ."

"ನಿಮ್ಮ ಎಣ್ಣೆಗಿಷ್ಟು ಬೆಂಕಿ ಹಾಕ!" ಎಂದು ಫೋನ್ ಕುಕ್ಕಿದಳು.

ಹೌದು, ಬೀಗ ಹಾಕಿಸಿದ್ದು ಅವಳೇ. ನೆಗಡಿ ಕೆಮ್ಮಿಗೆಲ್ಲ ಕೊಟ್ಟರೆ ಇದೂ ನಾಲ್ಕು ದಿನದಲ್ಲಿ ಕೆಲಸಕ್ಕೆ ಬಾರದೆ ಹೋಗುತ್ತದೆ ಎಂದು ಸಭೆಯಲ್ಲಿ ಮೇಜು ಗುದ್ದಿ ಹೇಳಿದ್ದಳು. ವೈದ್ಯರು, ಔಷಧಾಲಯ, ಲ್ಯಾಬು, ಮೂವರ ಸಹಿ ಇಲ್ಲದೆ ಕಪಾಟಿನಿಂದ ಒಂದು ಸೀಸೆಯೂ ಹೊರಗೆ ಬರಕೂಡದು. ಪೂರ್ತಿ ಕೋರ್ಸಿಗೆ ಆಗುವಷ್ಟು ಇಲ್ಲದಿದ್ದರೆ ಶುರುವೇ ಮಾಡಕೂಡದು. ಎರಡೂ ಅವಳು ಬರೆದ ನಿಯಮಗಳೇ. ಅದರಲ್ಲಿ ತಪ್ಪೇನಿತ್ತು? ಜೋಪಾನ ಮಾಡಿದ್ದೇ ತಪ್ಪಾಯಿತೆ? ಜೋಪಾನ ಮಾಡಿದ ಔಷಧ ಲಾಭ ತರುವುದಿಲ್ಲ ಎಂದು ಕೈತೊಳೆದುಕೊಂಡವರು ಮನೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು, ಅವರ ಮನೆ ಹಾಳಾಗ!

ವಾರ್ಡಿನ ಬಾಗಿಲಲ್ಲಿ ಡಾಕ್ಟರೂ ಭಾವನೂ ನಿಂತಿದ್ದರು. ಡಾಕ್ಟರ ಕೈಯಲ್ಲಿ ಸಹಿಯ ಹಾಳೆ ಇತ್ತು. ಅವರದೂ ಔಷಧಾಲಯದವರದೂ ಆಗಿತ್ತು, ಲ್ಯಾಬಿನ ಪರವಾಗಿ ಅವಳದೊಂದೇ ಬಾಕಿ.

"ಹತ್ತು ಅಂದ್ರೆ ಮೂರು ದಿನ ಚಿಲ್ಲರೆ," ಎಂದರು ಡಾಕ್ಟರ್. "ಸ್ವಲ್ಪ ಉಸಿರು ಸಲೀಸಾಗ್ಬಹುದು. ಆಮೇಲೆ ರೋಗಾಣು ತಿರುಗಿ ಬಿದ್ರೆ ಈ ಔಷಧಕ್ಕೂ ಬಗ್ಗಲ್ಲ. ಪಕ್ಕದ ಮಂಚಕ್ಕೆ ದಾಟಿದ್ರೆ ಅವರಿಗೂ ದಿಕ್ಕಿಲ್ಲ. ನಿಮಗೆ ನಾನು ಹೇಳ್ಬೇಕಾ?"

"ಹೇಳ್ಬೇಡಿ," ಎಂದಳು.

ಭಾವ ಒಂದು ವಾರದಿಂದ ಅದೇ ಅಂಗಿಯಲ್ಲಿದ್ದರು. "ನನಗಿದೆಲ್ಲ ತಿಳಿಯಲ್ಲಮ್ಮಾ. ಒಳಗೆ ಅವಳು ನೀರಿಲ್ಲದ ಮೀನಿನ ಹಾಗೆ ಒದ್ದಾಡ್ತಿದಾಳೆ. ಇರೋ ಔಷಧ ಇಟ್ಕೊಂಡು ನೋಡ್ತಾ ನಿಲ್ಲು ಅಂತೀಯಾ?"

ಅರ್ಧ ಕೋರ್ಸ್ ಬರೆದ ಡಾಕ್ಟರುಗಳನ್ನು ಇದೇ ಬಾಗಿಲಲ್ಲಿ ಅವಳು ಹಿಗ್ಗಾಮುಗ್ಗಾ ಬೈದಿದ್ದಳು. ಈಗ ಪೆನ್ನು ಕಿತ್ತುಕೊಂಡು, ಹಾಳೆ ಹರಿಯುವಷ್ಟು ಒತ್ತಿ ಸಹಿ ಹಾಕಿದಳು. "ಕೊಡಿ. ಏನು ನೋಡ್ತಿದೀರಿ? ಕೊಡಿ!"

ಮೂರನೆಯ ದಿನ ಅಕ್ಕ ಆಮ್ಲಜನಕದ ಮುಖವಾಡ ಸರಿಸಿ, ಎದ್ದು ಒರಗಿ ಕೂತಳು. ನಾಲ್ಕನೆಯ ಬೆಳಗ್ಗೆ ಹತ್ತನೇ ಸೀಸೆ ಕೊಳವೆಯಲ್ಲಿ ಹನಿಹನಿಯಾಗಿ ಇಳಿಯುತ್ತಿರುವಾಗ ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಏನೇ ಇದು, ಮುಖ ದುಮ್ಮಿಸ್ಕೊಂಡು? ಸತ್ತೇ ಹೋಗ್ತೀನಿ ಅಂದ್ಕೊಂಡಿದ್ಯಾ? ಔಷಧ ಭಾರಿ ಚೆನ್ನಾಗಿದೆ ಕಣೆ. ಎದೆ ಮೇಲಿನ ಬಂಡೆ ಇಳಿಸಿದ ಹಾಗಾಯ್ತು."

ಅವಳು ಹನಿಯನ್ನೇ ನೋಡುತ್ತಿದ್ದಳು.

ನರ್ಸ್ ಬಂದು ಖಾಲಿ ಸೀಸೆ ಬಿಚ್ಚಿಕೊಂಡು ಹೋದಳು. ಬೇರೆ ಸೀಸೆ ತಗುಲಿಸಲಿಲ್ಲ. ಅಕ್ಕ ಖಾಲಿ ಕೊಕ್ಕೆಯತ್ತ ನೋಡಿ ನಕ್ಕಳು.

"ನಿಲ್ಲಿಸಿಬಿಟ್ರಾ? ಅಂದ್ರೆ ವಾಸಿ ಆಯ್ತು ಅನ್ನು!"

ಹೂಂ ಎನ್ನಬೇಕೆಂದು ಅವಳು ಬಾಯಿ ತೆರೆದಳು. ಅಕ್ಕನಿಗೆ ಹುಟ್ಟಿದಾರಭ್ಯ ಅವಳು ಸುಳ್ಳು ಹೇಳಿದವಳಲ್ಲ. ಇಡೀ ವಾರ್ಡಿಗೆ ಕೇಳುವ ಹಾಗೆ ಕಿರುಚಿಬಿಟ್ಟಳು.

"ವಾಸಿ ಆಗಿಲ್ಲ ಅಕ್ಕಾ! ಔಷಧ ಮುಗೀತು, ಅಷ್ಟೇ!"