ಒಡೆದ ಗಾಜಿನ ದೇವರು

ಕುಮಟೆಯಲ್ಲಿ ಪಟಗಳಿಗೆ ಕಟ್ಟು ಹಾಕುವ, ಹಳೆಯ ಕಟ್ಟುಗಳನ್ನು ಮಾರುವ ಅಂಗಡಿ ನನ್ನದು. ಬೆಳಿಗ್ಗೆ ಬಾಗಿಲು ತೆಗೆಯಲು ಬಂದರೆ ಮೆಟ್ಟಿಲ ಮೇಲೆ ಯಾರೋ ಗಾಜು ಒಡೆದ ದೇವರ ಪಟ ಇಟ್ಟು ಹೋಗಿರುತ್ತಾರೆ. ಅದನ್ನು ಮನೆಯಲ್ಲಿ ಇಡಬಾರದಂತೆ, ಎಸೆಯಲೂ ಬಾರದಂತೆ. ಹಾಗಾಗಿ ನನ್ನ ತಲೆಗೆ ಕಟ್ಟುವುದು! ಗಾಜು ಬದಲಿಸುವುದೇ ನನ್ನ ಕಸುಬೆಂದು ಒಬ್ಬರಿಗೂ ಹೊಳೆಯುವುದಿಲ್ಲವೇ? ಅರವತ್ತೆರಡನೇ ಇಸವಿಯ ಚೌತಿಯ ಹೊತ್ತಿಗೆ ಅಂಗಡಿಯಲ್ಲಿ ದೇವರುಗಳದ್ದೇ ರಾಶಿ. ನನಗೆ ಕೂರಲು ಜಾಗವಿಲ್ಲ.

ಅಂಥದರಲ್ಲಿ ಒಂದು ಮಧ್ಯಾಹ್ನ ಹೆಂಡತಿ ಮಾದೇವಿ ಊಟದ ಜೊತೆ ನಮ್ಮ ಮನೆಯ ಲಕ್ಷ್ಮಿಯ ಪಟವನ್ನೂ ತಂದಳು. ಗಾಜು ಬಿರುಕು ಬಿಟ್ಟಿತ್ತು.

“ಕೊಡು, ಸಂಜೆಯೊಳಗೆ ಹೊಸ ಗಾಜು ಹಾಕಿಕೊಡ್ತೆ” ಎಂದೆ.

“ಎಂತಕ್ಕೆ? ಇದು ಇಲ್ಲೇ ಇರ್ಲಿ. ಅಣ್ಣನ ಹತ್ರ ಹೊನ್ನಾವರದಿಂದ ಹೊಸ ಲಕ್ಷ್ಮಿ ತರಿಸಿ, ಪೂಜೆನೂ ಆತು.”