‘ನಿಲ್ಲು’ ಅಂದವರು ಯಾರು

ಹಗ್ಗದ ಕಾರ್ಖಾನೆಯ ಉದ್ದನೆಯ ಚಪ್ಪರದಲ್ಲಿ ದೊಡ್ಡಕ್ಕನ ಕೆಲಸ ರಾಟೆ ತಿರುಗಿಸುವುದು. ರಾಟೆಯ ಕೊಕ್ಕೆಗೆ ನಾರಿನ ತುದಿ ಸಿಕ್ಕಿಸಿ, ಉಳಿದ ನಾರನ್ನು ಸೊಂಟಕ್ಕೆ ಕಟ್ಟಿಕೊಂಡು, ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟು ಚಪ್ಪರದ ಆ ತುದಿಗೆ ಹೋಗುವವಳು ಅವಳ ತಂಗಿ. ನಾರಿಗೆ ಬಿದ್ದ ಹುರಿ ಸಾಕೋ ಇನ್ನೂ ಬೇಕೋ ಎಂಬುದು ತಿಳಿಯುವುದು ತಂಗಿಯ ಬೆರಳಿಗೆ. ದೊಡ್ಡಕ್ಕನ ಮುಖವೋ ಗೋಡೆಯ ಕಡೆಗೆ. ತಂಗಿ ಕೂಗಬೇಕು, ಅಕ್ಕ ಕೇಳಬೇಕು.

ಅಕ್ಕಪಕ್ಕದಲ್ಲಿ ಇನ್ನೂ ನಾಲ್ಕಾರು ರಾಟೆಗಳು. ಎಲ್ಲರ ಬಾಯಲ್ಲೂ ಅದೇ ಮಾತು: ತಿರುಗ್ಸು, ಮೆಲ್ಲಗೆ, ನಿಲ್ಲು. ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ. ಹೆಸರು ಬಾಯಿಂದ ಈಚೆ ಬರುವಷ್ಟರಲ್ಲಿ ಹುರಿ ಮಿತಿಮೀರಿ, ಹಗ್ಗ ಗಂಟುಗಂಟಾಗಿ ಮುರುಟಿಕೊಂಡಿರುತ್ತದೆ. ಕರು ಕೂಗಿದರೆ ಅದರ ತಾಯಿ ಮಾತ್ರ ತಿರುಗಿ ನೋಡುವಂತೆ, ಅಷ್ಟು ಗದ್ದಲದಲ್ಲಿ ತಮ್ಮವರ ದನಿಗೆ ಮಾತ್ರ ಕೈ ನಿಲ್ಲಬೇಕು.

ತಂಗಿಯನ್ನು ಅಲ್ಲಿ ಎಲ್ಲರೂ ಕರೆಯುವುದೇ ಸೀಟಿ ಎಂದು. ಅಷ್ಟು ತೆಳು, ಅಷ್ಟು ಚೂಪು ದನಿ. ಈಚೆಗೆ ಕತ್ತಿನ ಗಂಟು ತೆಗೆಸಿಕೊಂಡು ಬಂದಿದ್ದಳು. ಜೀವಕ್ಕೇನೂ ಆಗಲಿಲ್ಲ, ದನಿ ಮಾತ್ರ ಕೆಳಗಿಳಿದು, ತಗಡಿನ ಮೇಲೆ ಮರಳು ಎಳೆದ ಹಾಗಾಯಿತು. ಇನ್ನು ಇದು ಹೀಗೇ ಎಂದರು ಡಾಕ್ಟರು.

ಅವಳು ಕೆಲಸಕ್ಕೆ ಮರಳಿ ಬಂದ ದಿನವೇ ಮೇಸ್ತ್ರಿ ಹೇಳಿದ: “ನೋಡ್ರಮ್ಮ, ಇವತ್ತೊಂದಿನ ನೋಡ್ತೀನಿ. ಹೊಂದಿಕೆ ಆಗ್ಲಿಲ್ಲ ಅಂದ್ರೆ ಸೀಟಿ ಸುರುಳಿ ಸುತ್ತೋ ಕೋಣೆಗೆ ಹೋಗ್ಲಿ. ದೊಡ್ಡಕ್ಕಂಗೆ ಬೇರೆ ಜೊತೆ ಕೊಡ್ತೀನಿ. ನಾರು ದಂಡ ಮಾಡೋಕಾಗಲ್ಲ.”

ಸುರುಳಿ ಕೋಣೆಯಲ್ಲಿ ಒಬ್ಬರೇ ಕೂತು ಹಗ್ಗ ಸುತ್ತಬೇಕು. ಮಾತಿಗೊಂದು ನರಪಿಳ್ಳೆಯಿಲ್ಲ. ಮದುವೆಯಾಗಿ ಬೇರೆ ಬೇರೆ ಮನೆ ಸೇರಿದ ಅಕ್ಕತಂಗಿಯರಿಗೆ ಈ ಹಗ್ಗವೇ ತವರುಮನೆ. ಅದು ತಪ್ಪಿಹೋದರೆ?

ರಾಟೆ ಶುರುವಾಯಿತು. ದೊಡ್ಡಕ್ಕ ಮೈಯೆಲ್ಲ ಕಿವಿಯಾದಳು. ‘ನಿಲ್ಲು!’ ಎಂಬ ಚೂಪು ದನಿ ಕೇಳಿತು, ಥಟ್ಟನೆ ನಿಲ್ಲಿಸಿದಳು. ಕೂಗಿದವಳು ಪಕ್ಕದ ಸಾಲಿನ ದರ್ಜಿಯ ಸೊಸೆ. ನಾಲಿಗೆ ಕಚ್ಚಿಕೊಂಡು ಮತ್ತೆ ತಿರುಗಿಸಿದಳು, ತಿರುಗಿಸುತ್ತಲೇ ಹೋದಳು. ಮೇಸ್ತ್ರಿ ಓಡಿಬಂದು ರಾಟೆಯ ಹಿಡಿಕೆ ಹಿಡಿದು ನಿಲ್ಲಿಸಿದಾಗ ಹಗ್ಗ ಸುಟ್ಟ ಹಪ್ಪಳದಂತೆ ಮುರುಟಿತ್ತು. ತಂಗಿ ಗಂಟಲು ಹರಿಯುವಂತೆ ಕೂಗಿದ್ದಳಂತೆ, ಅದೂ ಮೂರು ಸಲ.

“ಬೆನ್ನಿಗೆ ಬಿದ್ದ ತಂಗಿ ದನೀನೇ ತಿಳೀಲಿಲ್ವಾ?” ಎಂದು ದರ್ಜಿಯ ಸೊಸೆ ನಕ್ಕಳು.

“ನಿನ್ನ ಬಾಯಿ ಮಧ್ಯೆ ಬಂದ್ರೆ ಯಾರ ದನಿ ತಾನೇ ಕೇಳುತ್ತೆ?” ಎಂದಳು ದೊಡ್ಡಕ್ಕ. ಆದರೆ ಮಾತು ಚುಚ್ಚಿತ್ತು.

ಮಧ್ಯಾಹ್ನ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಳು. ಗೋಡೆಯಾಚೆ ಯಾರೋ ಯಾರಿಗೋ ಹೇಳಿದರು: “ಅಲ್ಲೇ ಇಡು ತಾಯೀ, ಬಂದೇ.” ಒರಟು ದನಿ. ದೊಡ್ಡಕ್ಕನ ಕೈ ನೀರಿನಲ್ಲೇ ನಿಂತುಬಿಟ್ಟಿತು. ನಿಂತಮೇಲೆ ಗೊತ್ತಾಯಿತು, ಅದು ತಂಗಿ!

ಹೇಗೆ ತಿಳಿಯಿತು? ಮಾತಿಗೆ ಮುಂಚೆ ಸಣ್ಣಗೊಂದು ಉಸಿರು ಎಳೆದುಕೊಂಡಿದ್ದಳು. ಮೊದಲ ಮಾತು ಆತುರ. ಕೊನೆಯದನ್ನು ಎಳೆದು, ತುದಿಯಲ್ಲಿ ಚೂರು ಮೇಲಕ್ಕೆತ್ತಿ ಬಿಡುವುದು. ದೊಡ್ಡಕ್ಕನ ಸೊಂಟದ ಮೇಲೆ ಕೂತು ಮಾತು ಕಲಿತಾಗಿನಿಂದ ಹಾಗೇ. ಬಟ್ಟೆ ಬದಲಾಯಿಸಿದವಳನ್ನೂ ದೂರದಿಂದ ನಡಿಗೆಯಲ್ಲೇ ಗುರುತು ಹಿಡಿಯುವುದಿಲ್ಲವೇ? ತಾನು ಬೆಳಗಿನಿಂದ ಹಳೇ ಬಟ್ಟೆ ಹುಡುಕುತ್ತಿದ್ದಳು, ನಡಿಗೆ ನೋಡಿರಲಿಲ್ಲ.

ಒದ್ದೆ ಕೈಯಲ್ಲೇ ಆಚೆ ಹೋದಳು. “ಲೇ, ಬೆಳಿಗ್ಗೆ ಹೆಂಗೆ ಕೂಗ್ದೆ?”

“ಮುಂಚಿನ ಹಂಗೇ ಸಣ್ಣಗೆ ಕೂಗೋಣ ಅಂತ ಬಿಗಿಹಿಡಿದು ಕೂಗ್ದೆ ಕಣಕ್ಕ.”

“ಅದಕ್ಕೇ ಮತ್ತೆ! ಹೊಸಬಳು ಯಾರೋ ನಿನ್ನ ಅಣಕಿಸಿದಂಗಿತ್ತು. ಮನೇಲಿ ನನ್ನ ಬೈತೀಯಲ್ಲ, ಹಂಗೇ ಕೂಗು.”

“ನಿನ್ನ ಬೈಯೋಕೆ ಅಪ್ಪಣೆ ಬೇರೆ ಸಿಕ್ತಾ? ಬದುಕ್ದೆ ಬಿಡು.”

ಊಟವಾದ ಮೇಲೆ ಮೇಸ್ತ್ರಿ ಕೈಕಟ್ಟಿ ನಿಂತ. ರಾಟೆ ತಿರುಗಿತು. ದರ್ಜಿಯ ಸೊಸೆ ಚೂಪಾಗಿ ಕೂಗಿದಳು. ದೊಡ್ಡಕ್ಕನ ಕೈ ನಿಲ್ಲಲಿಲ್ಲ. ಯಾರದೋ ‘ಮೆಲ್ಲಗೆ’ ಬಂತು, ಹೋಯಿತು. ಆಮೇಲೆ ಆ ಎಲ್ಲ ದನಿಗಳ ಅಡಿಯಿಂದ, ಮರಳಿನಂಥ ದನಿಯಲ್ಲಿ, ನಿಧಾನ ಎಳೆದು ತುದಿ ಎತ್ತಿದ ಒಂದು ‘ನಿಲ್ಲೂ’ ಬಂತು.

ರಾಟೆ ನಿಂತಿತು.

ಮೇಸ್ತ್ರಿ ಹಗ್ಗದುದ್ದಕ್ಕೂ ಹೆಬ್ಬೆರಳು ಆಡಿಸುತ್ತಾ ಹೋಗಿ ಬಂದ. “ತುದೀಲಿ ಸ್ವಲ್ಪ ಬಿಗಿ ಆಗೈತೆ.”

“ಅದು ನನ್ನ ಕೈ ತಡ ಆಗಿದ್ದು. ಅವಳ ಗಂಟಲಿಂದಲ್ಲ.”

“ಹಂಗಾದ್ರೆ ನಿನ್ನೇ ಸುರುಳಿ ಕೋಣೆಗೆ ಕಳಿಸ್ಲಾ?”

“ಕಳಿಸಪ್ಪ, ಇಬ್ಬರನ್ನೂ ಕಳಿಸು. ಅಲ್ಲೂ ಜಗಳ ಆಡ್ಕೊಂಡೇ ಸುತ್ತುತೀವಿ.”

ಮೇಸ್ತ್ರಿ ನಗು ತಡೆದುಕೊಂಡು, “ಹಾಕಿ, ಹಾಕಿ, ಇನ್ನೊಂದೆಳೆ ಹಾಕಿ,” ಎನ್ನುತ್ತಾ ಮುಂದಿನ ಸಾಲಿಗೆ ಹೋದ.

“ಏನಂತೇ ಅಕ್ಕಾ?” ಚಪ್ಪರದ ಆ ತುದಿಯಿಂದ ಕೂಗು ಬಂತು.

ದೊಡ್ಡಕ್ಕ ತಿರುಗಿ ನೋಡಲಿಲ್ಲ. “ನಾರು ಕಟ್ಕೊಂಡು ಬಾರೇ,” ಎಂದಳು.